ನೀರು ಕುಡಿದ ಉಪ್ಪು

ನೇಟಾ ಡ್ರೀಡ್ಗರ್ ಕೈಯಲ್ಲಿ ಉಪ್ಪು ತಪ್ಪುವುದಿಲ್ಲ ಎಂಬ ಮಾತು ವಿನಿಪೆಗ್‌ನ ಆ ಪುಟ್ಟ ಪ್ರಯೋಗಶಾಲೆಯಲ್ಲಿ ಎಷ್ಟೋ ವರ್ಷಗಳಿಂದ ಓಡಾಡಿಕೊಂಡಿತ್ತು. ಇಂಥ ಮಾತನ್ನು ಯಾರ ಬಗ್ಗೆಯೂ ಬಾಯಿಬಿಟ್ಟು ಆಡಬಾರದು ನೋಡಿ, ದೃಷ್ಟಿ ತಾಗುತ್ತದೆ. ತಾಗಿತು. ಅದೂ ವರ್ಷದ ಮುನ್ನೂರ ಅರವತ್ತೈದು ದಿನಗಳಲ್ಲಿ ಯಾವ ದಿನ ತಾಗಬಾರದಿತ್ತೋ ಆ ದಿನವೇ ತಾಗಿತು. ಅದನ್ನು ಹೇಳುವ ಮೊದಲು, ನೇಟಾಳ ಕೈಗೆ ಈ ಉಪ್ಪು ಬಂದದ್ದು ಹೇಗೆ ಎಂದು ಹೇಳಬೇಕು.

ಪೂರ್ತಿ ಹೆಸರು ಆಗನೇಟಾ. ಹುಟ್ಟಿದ್ದೂ ಮದುವೆಯಾದದ್ದೂ ರೋಸೆನ್‌ಹೋಫ್ ಎಂಬ, ಮೆನೊನೈಟ್ ಎಂಬ ಕ್ರೈಸ್ತ ಪಂಗಡದವರ ಹಳ್ಳಿಯಲ್ಲಿ. ಅಲ್ಲಿ ನವೆಂಬರಿನಲ್ಲಿ ಹಂದಿ ಕೊಯ್ದ ದಿನ ಮಾಂಸದ ತೊಡೆಗಳನ್ನು ಉಪ್ಪುನೀರಿನ ಪೀಪಾಯಿಯಲ್ಲಿ ನೆನೆಹಾಕುತ್ತಾರೆ. ಉಪ್ಪು ಸಾಕೋ ಬೇಕೋ ಎಂದು ತಿಳಿಯಲು ಹಸಿ ಮೊಟ್ಟೆಯೊಂದನ್ನು ಪೀಪಾಯಿಗೆ ಬಿಡುತ್ತಾರೆ. ಮೊಟ್ಟೆ ತೇಲಿ, ಅದರ ನೆತ್ತಿ ನಾಣ್ಯದಗಲ ನೀರಿನ ಮೇಲೆ ಕಂಡರೆ ಹದ ಸರಿಯಾಯಿತು ಎಂದು ಅರ್ಥ. ನೇಟಾ ಎಂಟು ವರ್ಷದವಳಿದ್ದಾಗಲೇ ಬೆರಳು ಅದ್ದಿ ನಾಲಿಗೆಗೆ ಮುಟ್ಟಿಸಿ, "ಇನ್ನೊಂದ್ ಹಿಡಿ ಹಾಕಮ್ಮ" ಅನ್ನುತ್ತಿದ್ದಳು. ಅವ್ವ ನಂಬದೆ ಮೊಟ್ಟೆ ಬಿಡುತ್ತಿದ್ದಳು, ಮೊಟ್ಟೆ ಮುಳುಗುತ್ತಿತ್ತು. ಒಂದು ಹಿಡಿ ಹಾಕಿದರೆ ತೇಲುತ್ತಿತ್ತು.

ಇಪ್ಪತ್ತೆರಡಕ್ಕೆ ಅದೇ ಊರಿನ ಕೊರ್ನೀಲಿಯಸ್‌ನನ್ನು ಮದುವೆಯಾದಳು. ಎಲ್ಲರ ಬಾಯಲ್ಲಿ ಅವನು ಕೊರ್ನಿ. ಮಾತು ಕಮ್ಮಿ, ಸೂರ್ಯಕಾಂತಿ ಬೀಜ ಜಾಸ್ತಿ. ಇಪ್ಪತ್ತನಾಲ್ಕು ಗಂಟೆಯೂ ಬೀಜ ಕಡಿದು ಸಿಪ್ಪೆ ಉಗಿಯುತ್ತಿರುವ ಆಸಾಮಿ. ಮೊದಲ ಮಗಳು ಗಟ್ಟಿಮುಟ್ಟಾಗಿ ಹುಟ್ಟಿದಳು, ಈಗ ಬ್ರ್ಯಾಂಡನ್‌ನಲ್ಲಿ ಗಂಡ ಮಕ್ಕಳೊಂದಿಗಿದ್ದಾಳೆ. ಆಮೇಲಿನ ಮೂರು ನಿಲ್ಲಲಿಲ್ಲ. ಹೈನ್ರಿಕ್ ಮೈಯೆಲ್ಲ ಅರಿಸಿನ ಬಳಿದಂತೆ ಹಳದಿಯಾಗಿ ಎರಡು ದಿನ ಬದುಕಿದ. ಸೂಸಾನ ಬೆಳಗ್ಗೆ ಬಂದವಳು ಸಂಜೆಗೆ ಹೋದಳು. ಮೂರನೆಯದು ಹೊಟ್ಟೆಯಲ್ಲೇ ತೀರಿಕೊಂಡಿತು. ಉಸಿರೇ ಆಡದ ಕೂಸಿಗೆ ಹೆಸರಿಡುವ ರೂಢಿ ಅವರ ಕಡೆ ಇರಲಿಲ್ಲ. ಕಲ್ಲಿನ ಮೇಲೆ ‘ಡ್ರೀಡ್ಗರ್ ಕೂಸು, 1950’ ಎಂದಷ್ಟೇ ಕೆತ್ತಿಸಿದರು.

ಆ ಮೂರನೆಯ ಸಲ ಅತ್ತೆ ಒಂದು ಮಾತು ಆಡಿದಳು: "ಇವ್ಳದ್ದು ಕೆಟ್ ರಕ್ತ." ಬೈದು ಹೇಳಿದ್ದಲ್ಲ, ಅತ್ತು ಹೇಳಿದ್ದೂ ಅಲ್ಲ, ನಾಳೆ ಹಿಮ ಬೀಳುತ್ತದೆ ಅನ್ನುವ ಹಾಗೆ ಹೇಳಿ ಆಲೂಗಡ್ಡೆ ಸುಲಿಯುವುದನ್ನು ಮುಂದುವರಿಸಿದಳು. ಬೈದಿದ್ದರೆ ನೇಟಾ ಮರೆತುಬಿಡುತ್ತಿದ್ದಳೋ ಏನೋ.

ಹಾಳಾದ್ದೆಂದರೆ, ಅತ್ತೆಯ ಮಾತು ಪೂರ್ತಿ ಸುಳ್ಳಾಗಿರಲಿಲ್ಲ. ನಗರದ ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆ ಮಾಡಿದ ಡಾಕ್ಟರ್ ಯೋನಾಸನ್ ಕುರ್ಚಿ ಎಳೆದುಕೊಂಡು ಕೂತು ಬಿಡಿಸಿ ಹೇಳಿದರು. ಕೊರ್ನಿಯ ರಕ್ತದಲ್ಲಿ ಇರುವ ಒಂದು ಗುರುತು ನೇಟಾಳ ರಕ್ತದಲ್ಲಿಲ್ಲ. ಮಕ್ಕಳು ಅಪ್ಪನಿಂದ ಆ ಗುರುತು ಪಡೆದು ಬರುತ್ತವೆ. ಮೊದಲ ಹೆರಿಗೆಯಲ್ಲಿ ಮಗುವಿನ ನಾಲ್ಕು ಹನಿ ರಕ್ತ ತಾಯಿಯ ರಕ್ತಕ್ಕೆ ಸೇರಿತು. ತಾಯಿಯ ರಕ್ತ ಅದನ್ನು ಪರಕೀಯ ಎಂದು ತಿಳಿದು, ಅದನ್ನು ಹುಡುಕಿ ಕೊಲ್ಲುವ ಪ್ರತಿಕಾಯವನ್ನು ತಯಾರು ಮಾಡಿಟ್ಟುಕೊಂಡಿತು. ಮುಂದಿನ ಮಕ್ಕಳು ಬಂದಾಗ ಆ ಪ್ರತಿಕಾಯ ಅವುಗಳ ಮೇಲೆ ಬಿತ್ತು. ತಪ್ಪು ನಿಮ್ಮದಲ್ಲ ಎಂದು ಡಾಕ್ಟರು ಮೂರು ಸಲ ಹೇಳಿದರು. ನೇಟಾ ಮೂರು ಸಲವೂ ತಲೆಯಾಡಿಸಿದಳು, ಒಂದು ಸಲವೂ ನಂಬಲಿಲ್ಲ.

ಮುಂದೆ ಕೊರ್ನಿಗೆ ವಿನಿಪೆಗ್‌ನ ಕಿಟಕಿ ಕಾರ್ಖಾನೆಯಲ್ಲಿ ಕೆಲಸವಾಗಿ ಇಬ್ಬರೂ ನಗರಕ್ಕೆ ಬಂದರು. ನೇಟಾ ಯೋನಾಸನ್ನರ ಪ್ರಯೋಗಶಾಲೆಯಲ್ಲಿ ಗಾಜಿನ ಜಾಡಿ ತೊಳೆಯುವ ಕೆಲಸಕ್ಕೆ ಸೇರಿದಳು. ಎರಡು ವರ್ಷ ತೊಳೆದಳು. ಒಂದು ದಿನ ಉಪ್ಪು ತೂಗುವವನಿಗೆ ಜ್ವರ ಬಂದು, ತಕ್ಕಡಿ ಅವಳ ಕೈಗೆ ಬಂತು. ಆಮೇಲೆ ಅವನು ಬಂದು ಎಷ್ಟು ಕೇಳಿದರೂ ಯೋನಾಸನ್ ತಕ್ಕಡಿಯನ್ನು ವಾಪಸು ಕೊಡಿಸಲಿಲ್ಲ.

ಅಷ್ಟರಲ್ಲಿ ಜಗತ್ತಿನ ಡಾಕ್ಟರುಗಳು ಒಂದು ಸಂಗತಿ ಕಂಡುಕೊಂಡಿದ್ದರು. ಮುಳ್ಳನ್ನು ಮುಳ್ಳಿನಿಂದಲೇ ತೆಗೆಯುವುದು ಅನ್ನುತ್ತೇವಲ್ಲ, ಹಾಗೆ. ಕೊಲ್ಲುವ ಆ ಪ್ರತಿಕಾಯವನ್ನೇ ಚೂರು ತೆಗೆದು, ನೇಟಾಳಂಥ ರಕ್ತದ ಹೆಂಗಸಿಗೆ ಮೊದಲ ಹೆರಿಗೆಯಾದ ತಕ್ಷಣ ಚುಚ್ಚಿದರೆ, ಅದು ಮಗುವಿನ ಹನಿಗಳನ್ನು ಗುಡಿಸಿ ಒಯ್ಯುತ್ತದೆ. ತಾಯಿಯ ರಕ್ತ ಹಗೆತನ ಕಲಿಯುವುದಕ್ಕೆ ಮೊದಲೇ ಪಾಠ ಮುಗಿದಿರುತ್ತದೆ. ಮುಂದಿನ ಕೂಸು ಹಾಯಾಗಿ ಬರುತ್ತದೆ. ಇದಕ್ಕೆ ಬೇಕಾದ ಪ್ರತಿಕಾಯ ಅಂಗಡಿಯಲ್ಲಿ ಸಿಗುವುದಿಲ್ಲ. ಮಕ್ಕಳನ್ನು ಕಳಕೊಂಡ ಹೆಂಗಸರ ರಕ್ತದಲ್ಲೇ ಇರಬೇಕು. ಯೋನಾಸನ್ ಹೇಗೆ ಕೇಳುವುದೆಂದು ತಿಳಿಯದೆ ಒಂದು ವಾರ ತಡವರಿಸಿದರು. ಕೇಳಿದ ಮರುಕ್ಷಣ ನೇಟಾ ತೋಳು ಚಾಚಿದಳು.

ಅವತ್ತಿನಿಂದ ಹದಿನೈದು ದಿನಕ್ಕೊಮ್ಮೆ ಎದುರು ಬೀದಿಯ ಚಿಕಿತ್ಸಾಲಯದಲ್ಲಿ ಮಲಗಿ ರಕ್ತ ಕೊಟ್ಟಳು. ಅವರು ಅದರ ಹಳದಿ ತಿಳಿಯನ್ನಷ್ಟೇ ತೆಗೆದುಕೊಂಡು ಕೆಂಪನ್ನು ಮತ್ತೆ ಅವಳ ಮೈಗೇ ಬಿಡುತ್ತಿದ್ದರು. ಚೀಲದ ಮೇಲೆ ದಾನಿಯ ಹೆಸರಿಲ್ಲ, ನಂಬರು ಮಾತ್ರ. ನೇಟಾ ಏಳು. ಡಾಕ್ಟರಿಗೆ ಮತ್ತು ಕೊರ್ನಿಗೆ ಬಿಟ್ಟರೆ ಈ ವಿಷಯ ಯಾರಿಗೂ ಗೊತ್ತಿರಲಿಲ್ಲ. ಮನೆಗೆ ಬಂದ ರಾತ್ರಿಗಳಲ್ಲಿ, ಆ ಕೆಟ್ಟದ್ದಕ್ಕೂ ಒಂದು ಒಳ್ಳೆಯ ಕೆಲಸ ಕೊಟ್ಟೆಯಲ್ಲ ಎಂದು ದೇವರಿಗೆ ಮನಸಾರೆ ಕೈಮುಗಿಯುತ್ತಿದ್ದಳು. ಇದು ಬಾಯಿಮಾತಿನ ಪ್ರಾರ್ಥನೆಯಾಗಿರಲಿಲ್ಲ.

ಇನ್ನು ಉಪ್ಪಿನ ಕೆಲಸ. ಆಳೆತ್ತರದ ಗಾಜಿನ ಕೊಳವೆ, ಅದರ ತುಂಬ ನೆನೆದ ಸಾಬಕ್ಕಿಯಂಥ ಪುಟ್ಟ ಮಣಿಗಳು. ದಾನಿಗಳ ಹಳದಿ ತಿಳಿಯನ್ನು ಮೇಲಿಂದ ಬಿಡುತ್ತಾರೆ. ಅದರಲ್ಲಿ ನೂರೆಂಟು ಬಗೆಯ ಪ್ರೋಟೀನು. ಬೇಕಾದ್ದು ಪ್ರತಿಕಾಯ ಒಂದೇ. ಮಣಿಗಳಿಗೆ ಪ್ರೋಟೀನನ್ನು ಎಳೆದು ಕೂರಿಸಿಕೊಳ್ಳುವ ಗುಣವಿದೆ. ಯಾರು ಕೂರಬೇಕು, ಯಾರು ಮುಂದೆ ಹೋಗಬೇಕು ಎಂದು ತೀರ್ಮಾನಿಸುವುದು ಮಾತ್ರ ಉಪ್ಪು. ಬಸ್ಸಿನ ಸೀಟಿನ ವ್ಯವಹಾರ ಅಂದುಕೊಳ್ಳಿ. ಜೊತೆಗೆ ಹರಿಯುವ ನೀರಿನಲ್ಲಿ ಉಪ್ಪು ಹದವಾಗಿ ತೆಳುವಾಗಿದ್ದರೆ, ಬೇಡದ ಪ್ರೋಟೀನುಗಳೆಲ್ಲ ನುಗ್ಗಿ ಸೀಟು ಹಿಡಿಯುತ್ತವೆ. ನುಗ್ಗುವ ಗುಣವಿಲ್ಲದ ಪ್ರತಿಕಾಯ ಕೂರಲಾಗದೆ ಕೆಳಗಿಳಿದು ಜಾಡಿಗೆ ಬೀಳುತ್ತದೆ. ಉಪ್ಪು ಹೆಚ್ಚಾದರೆ ಉಪ್ಪೇ ಸೀಟು ಕಸಿದು ಎಲ್ಲರನ್ನೂ ಎಬ್ಬಿಸುತ್ತದೆ, ಬೇಕಾದ್ದೂ ಬೇಡದ್ದೂ ಕಲಸಿಹೋಗುತ್ತದೆ. ಕಮ್ಮಿಯಾದರೆ ಸೀಟು ಧಾರಾಳ, ಪ್ರತಿಕಾಯವೂ ಕೂತುಬಿಡುತ್ತದೆ. ಜಾಡಿ ತುಂಬಿದ ಮೇಲೆ ಗಟ್ಟಿ ಉಪ್ಪುನೀರು ಬಿಟ್ಟು, ಕೂತವರನ್ನೆಲ್ಲ ಒಟ್ಟಿಗೆ ಎಬ್ಬಿಸಿ ಚರಂಡಿಗೆ ಕಳಿಸಿ ಕೊಳವೆ ತೊಳೆಯುತ್ತಾರೆ. ನೀರಿನಲ್ಲಿ ಉಪ್ಪು ಎಷ್ಟಿದೆ ಎಂದು ಅಳೆಯುವ ಮೀಟರು ಆ ಪ್ರಯೋಗಶಾಲೆಯಲ್ಲಿ ಇರಲಿಲ್ಲ. ನೇಟಾ ಇದ್ದಾಳಲ್ಲ, ಮೀಟರು ಯಾಕೆ ಎಂದುಕೊಂಡಿದ್ದರು.

1979ರ ಫೆಬ್ರವರಿ. ನೇಟಾಳಿಗೆ ಮುಂದಿನ ತಿಂಗಳು ಅರವತ್ತು. ಅರವತ್ತು ತುಂಬುವ ಎರಡು ತಿಂಗಳ ಮೊದಲೇ ದಾನಿಯಿಂದ ತೆಗೆದುಕೊಳ್ಳುವುದನ್ನು ನಿಲ್ಲಿಸಬೇಕು ಎಂದು ನಿಯಮ. ಜನವರಿಯಲ್ಲಿ ಕೊಟ್ಟದ್ದೇ ಅವಳ ಕೊನೆಯ ಚೀಲಗಳು, ಅವು ಹನ್ನೊಂದನೆಯ ಲಾಟ್‌ಗೆ, ಅಂದರೆ ಒಟ್ಟಿಗೆ ಕೊಳವೆಗೆ ಬಿಡುವ ಹನ್ನೊಂದನೆಯ ಕಂತಿಗೆ, ಸೇರಿದ್ದವು. ಆ ಲಾಟಿನಲ್ಲಿ ಐವರು ದಾನಿಗಳ ತಿಳಿ ಇತ್ತಾದರೂ ಪ್ರತಿಕಾಯ ಗಟ್ಟಿಯಾಗಿದ್ದದ್ದು ಏಳನೆಯ ನಂಬರಿನದು. ಇದೊಂದು ಸರಿಯಾಗಿ ಇಳಿದು ಹೋಗಲಪ್ಪ, ಆಮೇಲೆ ನಾನು ಏನೂ ಕೇಳುವುದಿಲ್ಲ ಎಂದು ನೇಟಾ ಭಾನುವಾರ ಚರ್ಚಿನಲ್ಲಿ ಕೂತು ಬೇಡಿಕೊಂಡಿದ್ದಳು.

ಕೊಳವೆ ನಡೆಸುವವಳು ಹೊಸಬಳು, ಹಾಲ್ಯಾ ಕೊಸ್ತ್ಯುಕ್. ಡಾಫಿನ್ ಕಡೆಯ ಉಕ್ರೇನಿಯನ್ ಮನೆತನದವಳು, ಮೂವತ್ತು ತುಂಬಿಲ್ಲ, ಡಾಕ್ಟರೇಟ್ ಮಾಡಿದವಳು. ಟೊರಾಂಟೋದ ದೊಡ್ಡ ಕೆಲಸ ಬಿಟ್ಟು ಇಲ್ಲಿಗೆ ಬಂದು ಎರಡು ತಿಂಗಳಾಗಿತ್ತು. ಯಾಕೆ ಬಂದೆ ಎಂದು ಯಾರು ಕೇಳಿದರೂ, ಅಮ್ಮನ ಮನೆ ಹತ್ತಿರ ಎಂದು ಹೇಳಿ ಮಾತು ಮುಗಿಸುತ್ತಿದ್ದಳು. ಕೆಲಸದಲ್ಲಿ ಕಟ್ಟುನಿಟ್ಟು. ವಿಧಾನದ ಪುಸ್ತಕವನ್ನು ತೆರೆದಿಟ್ಟುಕೊಂಡು, ಒಂದೊಂದು ಸಾಲು ಮುಗಿದಾಗಲೂ ಪೆನ್ಸಿಲಿನಿಂದ ಗೀಟು ಹಾಕುತ್ತಿದ್ದಳು. ನೇಟಾ ಅವಳನ್ನು ‘ಡಾಕ್ಟ್ರೇ’ ಎಂದು ಕಿಚಾಯಿಸುತ್ತಿದ್ದಳು, ಅವಳು ಇವಳನ್ನು ‘ಮಿಸೆಸ್ ಡ್ರೀಡ್ಗರ್’ ಎಂದು ದೂರ ಇಡುತ್ತಿದ್ದಳು.

ಸೋಮವಾರ ನೇಟಾ ತೆಳು ಉಪ್ಪುನೀರನ್ನು ಕಲಸಿದಳು. ಐವರ ತಿಳಿಯನ್ನು ರಾತ್ರಿಯೆಲ್ಲ ಅದರಲ್ಲೇ ನೆನೆಸಿ ಹದಕ್ಕೆ ತರಬೇಕು, ಕೊಳವೆಯನ್ನೂ ಅದರಿಂದಲೇ ತೋಯಿಸಬೇಕು. ಇಲ್ಲಿಯ ಉಪ್ಪು ಅಡುಗೆಯದಲ್ಲ, ಸೋಡಿಯಂ ಫಾಸ್ಫೇಟು. ಅದರ ಹಳೆಯ ಡಬ್ಬಿ ಮುಗಿದು ಶುಕ್ರವಾರ ಹೊಸದು ಬಂದಿತ್ತು. ಅದೇ ಬಿಳಿ ಡಬ್ಬಿ, ಅದೇ ನೀಲಿ ಮುಚ್ಚಳ, ಅದೇ ಹೆಸರು. ಚಮಚೆಯಲ್ಲಿ ಎತ್ತಿದಾಗ ಹಿಟ್ಟಿನಂತಿರಬೇಕಾದ್ದು ಹರಳು ಹರಳಾಗಿತ್ತು. ಬೇರೆ ದಿನವಾಗಿದ್ದರೆ ನೇಟಾಳ ಕೈ ಅಲ್ಲೇ ನಿಲ್ಲುತ್ತಿತ್ತು. ಆದರೆ ಎದುರಿನ ತಟ್ಟೆಯಲ್ಲಿ ಹೆಪ್ಪುಗಟ್ಟಿಸಿಟ್ಟಿದ್ದ ಚೀಲಗಳು ಕರಗಲಿಕ್ಕೆ ಬಿದ್ದುಕೊಂಡಿದ್ದವು, ಏಳು ಎಂಬ ಅಂಕಿ ಅವಳ ಕಡೆಗೇ ತಿರುಗಿತ್ತು. ಕೈ ತೂಗುತ್ತಿತ್ತು, ಮನಸ್ಸು ಏಳರ ಹತ್ತಿರ ನಿಂತು ಹೋಗಿ ಬಾ ಎಂದು ಹೇಳುತ್ತಿತ್ತು. ನೀರಿನ ಹುಳಿಯ ಅಳತೆ ಸರಿಮಾಡುವಾಗ ಆಮ್ಲ ಎಂದಿನದಕ್ಕಿಂತ ಕಮ್ಮಿ ಸಾಕಾಯಿತು. ಅದೂ ಅವಳಿಗೆ ತಟ್ಟಲಿಲ್ಲ.

ಮಂಗಳವಾರ ಹೊರಗೆ ಮೈನಸ್ ಮೂವತ್ತೆರಡು. ಕೊಳವೆ ಇರುವ ಕೋಲ್ಡ್ ರೂಮಿಗೆ ಹೋದವರು, ಅಬ್ಬ ಬೆಚ್ಚಗಿದೆ ಎಂದು ಹಳೆಯ ಜೋಕನ್ನೇ ಮತ್ತೆ ಹೇಳಿ ನಗುತ್ತಿದ್ದರು. ಯೋನಾಸನ್ ರಜೆ ಹಾಕಿ ಗಿಮ್ಲಿಯಲ್ಲಿ ಕೆರೆಯ ಹಿಮಕ್ಕೆ ತೂತು ಕೊರೆದು ಮೀನಿಗಾಗಿ ಕೂತಿದ್ದರು. ಹಿಮದ ಮೇಲೆ ಫೋನೇನು ಇರುತ್ತದೆಯೇ? ಕೊಳವೆಯಿಂದ ಬರುವ ನೀರಿನಲ್ಲಿ ಪ್ರೋಟೀನು ಇದೆಯೋ ಇಲ್ಲವೋ ಎಂದು ಬೆಳಕು ಹಾಯಿಸಿ ನೋಡುವ ಯಂತ್ರ ಹಿಂದಿನ ವಾರವೇ ಕೆಟ್ಟು, ಏನೇ ಬಂದರೂ ಕಾಗದದ ಮೇಲೆ ನೆಟ್ಟಗೆ ಒಂದೇ ಗೆರೆ ಎಳೆಯುತ್ತಿತ್ತು. ಅದರ ಬಿಡಿಭಾಗ ಟೊರಾಂಟೋದಿಂದ ಬರಬೇಕಿತ್ತು. ಹೀಗೆ ನೋಡಬೇಕಾದವರೆಲ್ಲ ಒಂದೇ ದಿನ ಕಣ್ಣು ಮುಚ್ಚಿದ್ದರು.

ಎರಡು ಗಂಟೆಯ ಹೊತ್ತಿಗೆ ನೇಟಾ ಖಾಲಿ ಕ್ಯಾನು ತರಲು ಕೋಲ್ಡ್ ರೂಮಿಗೆ ಹೋದಳು. ಕೊಳವೆಯಿಂದ ಇಳಿದ ನೀರಿನ ಜಾಡಿ ತುಂಬಿತ್ತು. ಹಾಲ್ಯಾ ಪುಸ್ತಕದಲ್ಲಿ ಗೀಟು ಹಾಕಿ, ಗಟ್ಟಿ ಉಪ್ಪುನೀರಿನ ಕ್ಯಾನಿನ ನಳಿಗೆಯನ್ನು ಕೊಳವೆಯ ನೆತ್ತಿಗೆ ಸಿಕ್ಕಿಸುತ್ತಿದ್ದಳು. ಕೆಳಗಿನ ನಳಿಗೆ ಆಗಲೇ ಚರಂಡಿಯಲ್ಲಿತ್ತು. ಒಂದು ತಿರುಪು ತಿರುಗಿಸುವುದಷ್ಟೇ ಬಾಕಿ. ನೇಟಾ ಅಭ್ಯಾಸಬಲದಿಂದ ಜಾಡಿಯನ್ನು ಎತ್ತಿ ಸುಳಿ ಬರುವಂತೆ ಒಮ್ಮೆ ತಿರುಗಿಸಿದಳು. ನೀರು ಸುತ್ತಿ ಸುಮ್ಮನೆ ನಿಂತಿತು.

"ಡಾಕ್ಟ್ರೇ, ನಿಲ್ಸು," ಅಂದಳು.

"ಯಾಕೆ?"

"ನೊರೆ ಇಲ್ಲ ಇದ್ರಲ್ಲಿ."

ಹಾಲ್ಯಾ ತಿರುಗಿ ಕೂಡ ನೋಡಲಿಲ್ಲ. "ನೊರೆ ನೋಡೋಕೆ ಇದೇನ್ ಬಿಯರಾ, ಮಿಸೆಸ್ ಡ್ರೀಡ್ಗರ್?"

"ಎರಡು ವರ್ಷ ಈ ಜಾಡಿಗಳ್ನ ತೊಳ್ದಿರೋಳು ನಾನು. ಪ್ರೋಟೀನಿದ್ದ ಜಾಡಿ ಮೂರು ನೀರು ಹಾಕಿದ್ರೂ ನೊರೆ ಬಿಡಲ್ಲ. ಇದು ಬರೀ ನೀರು ಕಣೇ."

ಆಗ ಹಾಲ್ಯಾ ತಿರುಗಿದಳು. ಜಾಡಿ ತೆಗೆದುಕೊಂಡು ತಾನೂ ಕುಲುಕಿದಳು. ಮುಖ ಸಣ್ಣಗಾಯಿತು. ಪ್ರತಿಕಾಯ ಜಾಡಿಯಲ್ಲಿಲ್ಲದಿದ್ದರೆ ಇನ್ನೆಲ್ಲಿದೆ? ಇಬ್ಬರೂ ಕೊಳವೆಯನ್ನು ನೋಡಿದರು. ಉಪ್ಪು ಕಮ್ಮಿಯಾದರೆ ಮಾತ್ರ ಅದು ಅಲ್ಲಿ ಕೂರುತ್ತದೆ, ಆದರೆ ಉಪ್ಪು ಕಲಸಿದವರು ನೀವು, ನಿಮ್ಮ ಉಪ್ಪು ತಪ್ಪುವುದಿಲ್ಲವಂತಲ್ಲ ಎಂದು ಹಾಲ್ಯಾ ಸ್ವಲ್ಪ ಚುಚ್ಚಿಯೇ ಹೇಳಿದಳು. ನೇಟಾ ಉಪ್ಪಿನ ಕೋಣೆಗೆ ಹೋಗಿ, ಕನ್ನಡಕ ಹಾಕಿಕೊಂಡು ಹೊಸ ಡಬ್ಬಿಯನ್ನು ಬೆಳಕಿಗೆ ಹಿಡಿದಳು.

ಹೆಸರಿನ ಕೆಳಗೆ ಸಣ್ಣ ಅಕ್ಷರದಲ್ಲಿ ಇತ್ತು: ಹನ್ನೆರಡು ನೀರು. ಕೆಲವು ಉಪ್ಪು ಹರಳುಗಟ್ಟುವಾಗ ಹೊಟ್ಟೆಯೊಳಗೆ ನೀರು ತುಂಬಿಕೊಂಡುಬಿಡುತ್ತದೆ. ಮುಟ್ಟಿದರೆ ಒಣಗೇ ಇರುತ್ತದೆ, ನೂರು ಗ್ರಾಂ ತೂಗಿದರೆ ಅರವತ್ತು ನೀರು, ನಲವತ್ತೇ ಉಪ್ಪು. ಎಂದಿನ ಡಬ್ಬಿಯಲ್ಲಿ ಬರುತ್ತಿದ್ದದ್ದು ಒಣ ಉಪ್ಪು. ಅಂಗಡಿಯವರು ಈ ಸಲ ಅದೇ ಹೆಸರಿನ ಇದನ್ನು ಕಳಿಸಿದ್ದರು. ಅವರನ್ನು ಬೈದು ಪ್ರಯೋಜನವಿಲ್ಲ, ಬರೆದೇ ಕಳಿಸಿದ್ದರು. ಉಪ್ಪು ತಿಂದವ ನೀರು ಕುಡಿಯಲೇಬೇಕು ಎಂದು ಕೇಳಿದ್ದೇವೆ, ಇಲ್ಲಿ ಉಪ್ಪೇ ನೀರು ಕುಡಿದು ಕೂತಿತ್ತು. ನೇಟಾ ಡಬ್ಬಿಯನ್ನು ಮೆಲ್ಲಗೆ ಕೆಳಗಿಟ್ಟಳು. ಹದಿನಾರು ವರ್ಷ ಯಾರ ಯಾರದೋ ತಿಳಿಗೆ ಸರಿಯಾಗಿ ತೂಗಿದ ಕೈ ತನ್ನ ಕೊನೆಯ ಚೀಲಗಳಿಗೇ ತಪ್ಪಿತು.

ಅವಳು ವಾಪಸು ಬಂದು, ಬಾಗಿಲಲ್ಲೇ ನಿಂತು ಹೇಳಿದಳು: "ತಪ್ಪು ನಂದು. ಉಪ್ಪು ಅರ್ಧಕ್ಕಿಂತ ಕಮ್ಮಿ ಬಿದ್ದಿದೆ."

ಹಾಲ್ಯಾ ಪುಸ್ತಕ ತಿರುವಿದಳು. ಇಂಥದಕ್ಕೆ ಏನು ಮಾಡಬೇಕೆಂದು ಅದರಲ್ಲಿರಲಿಲ್ಲ. ಅವಳ ಕಷ್ಟವನ್ನೂ ನೋಡಬೇಕು. ಕೆಲಸಕ್ಕೆ ಬಂದು ಎರಡು ತಿಂಗಳು, ಹಿರಿಯರು ಊರಲ್ಲಿಲ್ಲ, ಪುಸ್ತಕ ಬಿಟ್ಟು ಕೈಹಾಕಿ ಕೆಟ್ಟರೆ ಹೆಸರು ಕೆಡುವುದು ಅವಳದು. ಕೆಟ್ಟ ಲಾಟನ್ನು ಚೆಲ್ಲಿದರೆ ಯಾರೂ ಏನೂ ಅನ್ನುವುದಿಲ್ಲ. ಅವಳು ತಿರುಪಿನ ಮೇಲೆ ಕೈಯಿಟ್ಟು ಹೇಳಿದಳು: "ಇದನ್ನ ಬಿಟ್ಬಿಡೋಣ. ಕೊಳವೆ ತೊಳ್ದು ಹೊಸ ಲಾಟ್ ಹಾಕೋಣ. ದಾನಿಗಳು ಮುಂದಿನ್ ವಾರ ಮತ್ತೆ ಕೊಡ್ತಾರಲ್ಲ."

"ಏಳನೇ ನಂಬರು ಕೊಡಲ್ಲ."

"ನಿಮ್ಗ್ ಹೇಗ್ ಗೊತ್ತು?"

ನೇಟಾ ಸ್ವೆಟರಿನ ತೋಳನ್ನು ಮೊಣಕೈಯ ತನಕ ಏರಿಸಿದಳು. ವರ್ಷಗಟ್ಟಲೆ ಸೂಜಿ ಚುಚ್ಚಿಸಿಕೊಂಡ ಜಾಗದ ಚರ್ಮ ಗಟ್ಟಿಯಾಗಿ ಹೊಳೆಯುತ್ತಿತ್ತು. "ಏಳು ನಾನೇ ಕಣಮ್ಮ. ಮುಂದಿನ ತಿಂಗ್ಳು ಅರವತ್ತು. ಇದೇ ಕೊನೇದು."

ಹಾಲ್ಯಾ ಆ ತೋಳನ್ನೇ ಬಹಳ ಹೊತ್ತು ನೋಡಿದಳು. ಆಮೇಲೆ ಗಟ್ಟಿ ಉಪ್ಪುನೀರಿನ ಕ್ಯಾನನ್ನು ಎರಡೂ ಕೈಯಲ್ಲಿ ಎತ್ತಿ, ಕೋಣೆಯಿಂದಾಚೆ ಕಾರಿಡಾರಿನಲ್ಲಿ ಇಟ್ಟು ಬಂದಳು. ಪುಸ್ತಕ ಮುಚ್ಚಿ ಅದರ ಬೆನ್ನ ಮೇಲೆ ಲೆಕ್ಕ ಹಾಕಲು ಕೂತಳು.

ಕೂತವರೆಲ್ಲರಲ್ಲಿ ಹಿಡಿತ ಕಮ್ಮಿಯಿರುವುದು ಪ್ರತಿಕಾಯಕ್ಕೇ, ಉಪ್ಪನ್ನು ಮೆಲ್ಲಗೆ ಏರಿಸುತ್ತ ಹೋದರೆ ಮೊದಲು ಏಳುವುದೂ ಅದೇ ಎಂದು ಹಾಲ್ಯಾ ಬಿಡಿಸಿ ಹೇಳಿದಳು. ಅವಸರಪಟ್ಟರೆ ಉಳಿದವರೂ ಎದ್ದುಬರುತ್ತಾರೆ. ಆದ್ದರಿಂದ ಒಂದೇ ಸಲ ಸರಿಯಾದ ಹದಕ್ಕೆ ಹಾರಬಾರದು, ಐದು ಮೆಟ್ಟಿಲು ಮಾಡಿಕೊಂಡು ಏರಬೇಕು. ನೇಟಾ ತೂಗಿದಳು. ಒಂದೊಂದು ಸಲವೂ ಡಬ್ಬಿಯ ಮೇಲಿನ ಹನ್ನೆರಡು ನೀರನ್ನು ಜೋರಾಗಿ ಓದಿದಳು, ಹಾಲ್ಯಾ ಅದನ್ನು ಜೋರಾಗಿ ತಿರುಗಿ ಹೇಳಿದಳು. ದಾರಿಯಲ್ಲಿ ಹೋಗುವವರಿಗೆ ಇಬ್ಬರಿಗೂ ತಲೆ ಕೆಟ್ಟಿದೆ ಎನ್ನಿಸಿದ್ದರೆ ಆಶ್ಚರ್ಯವಿಲ್ಲ.

ಮೊದಲ ಮೆಟ್ಟಿಲಿನ ನೀರು ಇಳಿಯಿತು. ಹಾಲ್ಯಾ ಗಾಜಿನ ನಳಿಗೆಯಲ್ಲಿ ಹಿಡಿದು ಕುಲುಕಿದಳು. ಏನೂ ಇಲ್ಲ. ಎರಡನೆಯದರಲ್ಲೂ ಇಲ್ಲ. ನೇಟಾ ಸ್ಟೂಲಿನ ಮೇಲೆ ಕೂತು, ಏಪ್ರನ್ನಿನ ಅಂಚನ್ನು ಬೆರಳಿಗೆ ಸುತ್ತುತ್ತಿದ್ದಳು. ಮೂರನೆಯದನ್ನು ಬಿಟ್ಟಾಗ ನಾಲ್ಕು ಗಂಟೆಯಾಗಿತ್ತು. ಹಾಲ್ಯಾ ಹಿಡಿದಳು, ಕುಲುಕಿದಳು, ನಳಿಗೆಯನ್ನು ನೇಟಾಳ ಕೈಗೆ ಕೊಟ್ಟಳು. ನೀರಿನ ಮೇಲೆ ಬೆರಳಗಲ ನೊರೆ ನಿಂತಿತ್ತು. ನೇಟಾ ಹತ್ತು ಎಣಿಸಿದಳು, ಇಪ್ಪತ್ತು ಎಣಿಸಿದಳು. ನೊರೆ ನಿಂತೇ ಇತ್ತು.

"ಏಳ್ತಿದೆ," ಅಂದಳು ಹಾಲ್ಯಾ. ನೇಟಾ ತಲೆಯಾಡಿಸಿದಳು.

ಆರೂವರೆಗೆ ಕೊನೆಯ ಜಾಡಿ ತುಂಬಿತು. ಹೊರಗೆ ಪಿಕಪ್ ಗಾಡಿಯಲ್ಲಿ ಕಾಯುತ್ತಿದ್ದ ಕೊರ್ನಿ ಬೀಜದ ಪೊಟ್ಟಣ ಪೂರ್ತಿ ಮುಗಿಸಿ, ಎಂಜಿನ್ನು ಹೆಪ್ಪುಗಟ್ಟದಿರಲಿ ಎಂದು ಬಿಟ್ಟು ಬಿಟ್ಟು ಸ್ಟಾರ್ಟ್ ಮಾಡುತ್ತಿದ್ದ. ಹೋಗುವ ಮೊದಲು ನೇಟಾ ದಿನಚರಿ ಪುಸ್ತಕ ತೆಗೆದಳು. ಹಾಲ್ಯಾ, ಅಂಗಡಿಯವರು ಉಪ್ಪು ಬದಲಿಸಿದರು ಎಂದು ಬರೆದರೆ ಸಾಕು ಎಂದಳು. ನೇಟಾ ಕೇಳಲಿಲ್ಲ. ಡಬ್ಬಿ ಓದದೆ ತೂಗಿದ್ದು ನಾನು, ಆ. ಡ್ರೀಡ್ಗರ್, ಎಂದು ದುಂಡಗೆ ಬರೆದು ತಾರೀಖು ಹಾಕಿದಳು.

ಯೋನಾಸನ್ ಮೀನಿನ ವಾಸನೆಯೊಂದಿಗೆ ಗುರುವಾರ ಬಂದರು. ಪುಸ್ತಕ ಓದಿದರು, ಗಡ್ಡ ಕೆರೆದುಕೊಂಡರು. ಪರೀಕ್ಷೆಗಳು ಎರಡು ವಾರ ನಡೆದವು. ಪ್ರತಿಕಾಯಕ್ಕೆ ಶಕ್ತಿ ಉಳಿದಿದೆಯೇ, ಬೇರೆ ಏನಾದರೂ ಸೇರಿದೆಯೇ, ಮೊಲಕ್ಕೆ ಚುಚ್ಚಿದರೆ ಜ್ವರ ಬರುತ್ತದೆಯೇ. ಆ ಎರಡು ವಾರ ನೇಟಾ ಮನೆಯಲ್ಲಿ ಮಾಡಿದ ಸೂಪಿಗೆಲ್ಲ ಉಪ್ಪೇ ಇರಲಿಲ್ಲ, ಉಪ್ಪಿನ ಡಬ್ಬಿ ಮುಟ್ಟಲಿಕ್ಕೆ ಅವಳಿಗೆ ಹೆದರಿಕೆ. ಕೊರ್ನಿ ಉಸಿರೆತ್ತದೆ ಕುಡಿದ. ಕೊನೆಗೆ ಒಂದು ಬೆಳಗ್ಗೆ ಯೋನಾಸನ್ ಕಾಫಿ ಕೋಣೆಗೆ ಬಂದು, ಹನ್ನೊಂದು ಪಾಸಾಗಿದೆ, ಸ್ವಲ್ಪ ಕಮ್ಮಿ ಬಂದಿದ್ದರೂ ಚೊಕ್ಕವಾಗಿದೆ ಎಂದರು. ಬಾಗಿಲ ತನಕ ಹೋಗಿ ತಿರುಗಿ, "ನೇಟಾ, ಒಂದು ಮೀಟರ್ ತಗೊಳೋಣ, ಏನಂತೀಯ?" ಎಂದರು. ಹದಿನಾರು ವರ್ಷದ ಹಿಂದೆಯೇ ತಗೋಬೇಕಿತ್ತು ಎಂದು ನೇಟಾ ಮೂಗು ಒರೆಸಿಕೊಂಡಳು.

ಅವರು ಹೋದ ಮೇಲೆ ಹಾಲ್ಯಾ ಪರ್ಸಿನಿಂದ ಒಂದು ಫೋಟೋ ತೆಗೆದು ಮೇಜಿನ ಮೇಲಿಟ್ಟಳು. ಇಬ್ಬರು ಹುಡುಗಿಯರು, ದೊಡ್ಡವಳಿಗೆ ನಾಲ್ಕು, ಚಿಕ್ಕವಳು ಇನ್ನೂ ಕೈಗೂಸು. ಹೆರಿಗೆಗೆ ಅಮ್ಮನ ಮನೆಗೆ ಬಂದಿದ್ದಾಗ, ದೊಡ್ಡವಳು ಹುಟ್ಟಿದ ದಿನ ಡಾಫಿನ್ ಆಸ್ಪತ್ರೆಯಲ್ಲಿ ತನಗೆ ಆ ಚುಚ್ಚುಮದ್ದು ಕೊಟ್ಟರು, ಸೀಸೆಯ ಮೇಲೆ ಈ ಪ್ರಯೋಗಶಾಲೆಯ ಹೆಸರಿತ್ತು, ಅದಕ್ಕೇ ಟೊರಾಂಟೋ ಬಿಟ್ಟು ಬಂದೆ ಎಂದಳು. ಚಿಕ್ಕವಳ ಮುಖದ ಮೇಲೆ ಬೆರಳಿಟ್ಟು, "ಇವ್ಳು ಸ್ಲಾವ್ಕಾ. ಇವ್ಳು ಇರೋದು ನಿಮ್ಮಿಂದ. ಏಳನೇ ನಂಬರಿಂದಾನೋ ಬೇರೆ ನಂಬರಿಂದಾನೋ ನಂಗ್ ಗೊತ್ತಿಲ್ಲ, ಆದ್ರೆ ಥ್ಯಾಂಕ್ಸ್ ಹೇಳೋಕೆ ನಂಗೆ ಸಿಕ್ಕಿರೋದು ನೀವೊಬ್ರೇ," ಅಂದಳು.

ನೇಟಾ ಫೋಟೋವನ್ನು ಕೈಗೆತ್ತಿಕೊಂಡಳು. ಇಷ್ಟು ವರ್ಷ ಕೊಟ್ಟ ಚೀಲಗಳು ಎಲ್ಲಿಗೆ ಹೋದವು, ಯಾವ ಮನೆಯಲ್ಲಿ ಯಾವ ಕೂಸು ಉಳಿಯಿತು ಎಂದು ಅವಳಿಗೆ ಯಾರೂ ಹೇಳಿರಲಿಲ್ಲ, ಹೇಳುವಂತೆಯೂ ಇರಲಿಲ್ಲ. ಮೊದಲ ಬಾರಿಗೆ ಒಂದು ಮುಖ ಕಂಡಿತು. ಅವಳಿಗೆ ಬಹಳ ಸಂತೋಷವಾಯಿತು, ಅಷ್ಟೇ ಸಂಕಟವೂ ಆಯಿತು.

"ನಂಗಲ್ಲ ಮಗಾ ಹೇಳ್ಬೇಕಾದ್ದು," ಅಂದಳು. "ನನ್ ರಕ್ತಕ್ಕೆ ಈ ಪಾಠ ಗಟ್ಟಿ ಮಾಡ್ಸಿದ್ದು ಮೂರು ಕೂಸು. ಅವು ಬಂದು ಹೋಗದೇ ಇದ್ದಿದ್ರೆ ನನ್ ಹತ್ರ ಕೊಡೋಕೆ ಏನಿತ್ತು? ಹೇಳೋದಿದ್ರೆ ಅವಕ್ಕೆ ಹೇಳು."

ಮಾತಿಗೆ ಆಡಿದ್ದು ಅದು. ಹಾಲ್ಯಾ ಮಾತಿಗೆ ಬಿಡುವವಳಲ್ಲ, ಪುಸ್ತಕದ ಸಾಲಿಗೆ ಗೀಟು ಹಾಕುವ ಜಾತಿ. ಹಿಮ ಕರಗಿ ದಾರಿ ಒಣಗಿದ ಮೇಲೆ, ಮೇ ತಿಂಗಳ ಒಂದು ಭಾನುವಾರ, ಸ್ಲಾವ್ಕಾಳನ್ನು ಸೊಂಟದ ಮೇಲೆ ಕೂರಿಸಿಕೊಂಡು ನೇಟಾಳ ಜೊತೆ ರೋಸೆನ್‌ಹೋಫಿನ ಚರ್ಚಿನ ಹಿಂದಿನ ಸಮಾಧಿಗಳ ನಡುವೆ ಬಂದು ನಿಂತಳು. ಕೊರ್ನಿ ಗಾಡಿಯನ್ನು ಬೇಲಿಯ ಹತ್ತಿರ ನಿಲ್ಲಿಸಿ, ಬೀಜ ಕಡಿಯುತ್ತ ಅವರ ಹಿಂದೆಯೇ ಬಂದ. ಹುಲ್ಲು ಆಗ ತಾನೇ ಚಿಗುರುತ್ತಿತ್ತು. ಎರಡು ಸಾಲು ಆಚೆ ಅತ್ತೆಯ ಕಲ್ಲು. ನೇಟಾ ಅದರ ಮೇಲಿನ ಒಣ ಎಲೆಗಳನ್ನು ಕೈಯಿಂದ ಸರಿಸಿ, ಕೂಸನ್ನು ತೋರಿಸುತ್ತ, "ನೋಡಮ್ಮ, ಕೆಟ್ ರಕ್ತ ಹೇಗೆ ಕೆನ್ನೆ ತುಂಬ್ಕೊಂಡಿದೆ," ಅಂದಳು. ಅದರಲ್ಲಿ ಸಿಟ್ಟಿರಲಿಲ್ಲ.

ಹಾಲ್ಯಾ ಮೊದಲ ಕಲ್ಲಿನ ಮುಂದೆ ಬಗ್ಗಿ ಹೆಸರು ಓದಿದಳು. ಹೈನ್ರಿಕ್, ಎಂದು ಕರೆದು, ತನ್ನ ಉಕ್ರೇನಿಯನ್ ಮಾತಿನಲ್ಲಿ ಮೆಲ್ಲಗೆ ವಂದನೆ ಹೇಳಿದಳು. ಸೂಸಾನ, ಎಂದು ಕರೆದು ಹಾಗೆಯೇ ಹೇಳಿದಳು. ಮೂರನೆಯ ಕಲ್ಲಿನ ಮುಂದೆ ತಡೆದಳು. ಅಲ್ಲಿ ಕೂಸು ಎಂದಷ್ಟೇ ಇತ್ತು. ಅವಳು ನೇಟಾಳ ಕಡೆ ತಿರುಗಿ ಕೇಳಿದಳು: "ಟಾಂಟ, ಇದನ್ನ ಏನಂತ ಕರೀಲಿ?"

ಊರ ಮಕ್ಕಳು ಹಿರಿಯ ಹೆಂಗಸರನ್ನು ಕರೆಯುವುದೇ ಹಾಗೆ, ಟಾಂಟ ಎಂದು. ಹಾಲ್ಯಾ ಅದನ್ನು ಎಲ್ಲಿ ಕಲಿತಳೋ. ನೇಟಾ ಕಲ್ಲನ್ನು ನೋಡುತ್ತ ನಿಂತಳು.

"ಯುಸ್ಟೀನಾ," ಅಂದಳು. "ಹೆಣ್ಣು ಕೂಸು. ನಾನು ಯುಸ್ಟೀನಾ ಅಂತ ಇಟ್ಟಿದ್ದೆ."

ಹಿಂದೆ ಬೀಜ ಕಡಿಯುವ ಸದ್ದು ನಿಂತಿತು. ಆ ಕೂಸು ಹೋದ ಮೇಲೆ ಇಪ್ಪತ್ತೊಂಬತ್ತು ವರ್ಷ ಒಂದೇ ಮಂಚದ ಮೇಲೆ ಮಲಗಿದ ಗಂಡನಿಗೂ ಅವಳು ಆ ಹೆಸರನ್ನು ಹೇಳಿರಲಿಲ್ಲ. ಕೊರ್ನಿ ಬಾಯಲ್ಲಿದ್ದದ್ದನ್ನು ಉಗಿಯದೆ ಅಂಗೈಗೆ ತೆಗೆದು ಜೇಬಿಗೆ ಹಾಕಿಕೊಂಡ. ಟೋಪಿ ತೆಗೆದ. ಹಾಲ್ಯಾ ಬಗ್ಗಿ, ಯುಸ್ಟೀನಾ ಎಂದು ಕರೆದು ವಂದನೆ ಹೇಳಿದಳು. ಸೊಂಟದ ಮೇಲಿದ್ದ ಸ್ಲಾವ್ಕಾ ಅಮ್ಮನ ಜೊತೆಗೆ ತಾನೂ ಬಗ್ಗಿ, ಕಲ್ಲಿನ ತಲೆಯ ಮೇಲೆ ಅಂಗೈಯಿಂದ ಪಟಪಟ ತಟ್ಟಿತು.

"ಒಳ್ಳೇ ಹೆಸ್ರು," ಅಂದ ಕೊರ್ನಿ. "ಕೆತ್ತೋನಿಗೆ ನಾಳೆ ಹೇಳಿ ಬರ್ತೀನಿ."